ಪಕ್ಕದ ಮನೆಯ ಬಾಡಿಗೆ ಎಷ್ಟು? ಅಮೆರಿಕದ ‘ಸೆಕ್ಷನ್ 8’ ಲೆಕ್ಕ

ಡಲ್ಲಾಸ್‌ನಲ್ಲಿರುವ ಗೆಳೆಯನೊಬ್ಬ ಒಂದು ರಾತ್ರಿ ಹತ್ತು ಗಂಟೆಯ ಮೇಲೆ ಫೋನ್ ಮಾಡಿದ. ಮೈಸೂರಿನವನು. ದೊಡ್ಡ ಮನೆಗೆ ಹೋದಾಗ ಹಳೆಯದನ್ನು ಮಾರದೆ ಬಾಡಿಗೆಗೆ ಕೊಡೋಣವೆಂದು ಉಳಿಸಿಕೊಂಡಿದ್ದ. ಮನೆ ನೋಡಲು ಬಂದ ಕುಟುಂಬವೊಂದು ‘ನೀವು ಸೆಕ್ಷನ್ 8 ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿತಂತೆ. ಆಗಲಿ ಎಂದು ತಲೆಯಾಡಿಸಿಬಿಟ್ಟ. ಅವರು ಹೋದ ಮೇಲೆ ದಿಗಿಲು ಶುರುವಾಯಿತು. ‘ಸರ್ಕಾರ ಎಷ್ಟು ಕೊಡುತ್ತದೆ? ಅದರ ದರಪಟ್ಟಿ ಎಲ್ಲಿ ಸಿಗುತ್ತದೆ?’

ಪಟ್ಟಿಯೇನೋ ಇದೆ, ಯಾರು ಬೇಕಾದರೂ ನೋಡಬಹುದು. ಆದರೆ ಅದರಲ್ಲಿರುವ ಅಂಕಿ ಅವನಿಗೆ ಸಿಗುವ ಬಾಡಿಗೆ ಅಲ್ಲ. ಅಮೆರಿಕದಲ್ಲಿ ಒಂದೋ ಎರಡೋ ಮನೆ ಬಾಡಿಗೆಗೆ ಬಿಟ್ಟಿರುವ ಕನ್ನಡಿಗರು ಈಗ ಕಡಿಮೆಯೇನಲ್ಲ, ಅವರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಬೇರೆ ಬೇರೆ ಕೆಲಸಕ್ಕಿರುವ ಮೂರ್ನಾಲ್ಕು ಅಂಕಿಗಳನ್ನು ಒಂದೇ ಎಂದು ತಿಳಿದು ಗೊಂದಲಕ್ಕೆ ಬೀಳುತ್ತಾರೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು, ವೌಚರ್ ಎಂದರೇನು

ಬಡ ಕುಟುಂಬಗಳಿಗೆ ಮನೆ ಒದಗಿಸಲು ಅಮೆರಿಕದ ಸರ್ಕಾರ ಮೊದಲು ತಾನೇ ಕಟ್ಟಡ ಕಟ್ಟುತ್ತಿತ್ತು. ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ ಎಂಬಲ್ಲಿ ಹನ್ನೊಂದು ಅಂತಸ್ತಿನ 33 ಕಟ್ಟಡಗಳನ್ನು ಕಟ್ಟಿ, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲೇ, 1972ರಲ್ಲಿ ಒಡೆಯಲು ಶುರು ಮಾಡಬೇಕಾಯಿತು. ಹೀಗೆ ಬಡವರನ್ನೆಲ್ಲ ಒಂದೇ ಕಡೆ ತುಂಬಿಸುವ ಬದಲು, ಊರಿನಲ್ಲಿ ಈಗಾಗಲೇ ಇರುವ ಖಾಸಗಿ ಮನೆಗಳಿಗೆ ಅವರೇ ಹೋಗಲಿ, ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕೊಡಲಿ ಎಂಬ ಯೋಚನೆ ಬಂತು. ಅದು 1974ರಲ್ಲಿ ಕಾನೂನಾಯಿತು. 1937ರ ವಸತಿ ಕಾಯ್ದೆಯ ಎಂಟನೆಯ ಸೆಕ್ಷನ್‌ನಲ್ಲಿ ಸೇರಿದ್ದರಿಂದ ಜನರ ಬಾಯಲ್ಲಿ ‘ಸೆಕ್ಷನ್ 8’ ಎಂದೇ ಉಳಿದಿದೆ. ಕಾಗದದ ಮೇಲಿನ ಈಗಿನ ಹೆಸರು ಹೌಸಿಂಗ್ ಚಾಯ್ಸ್ ವೌಚರ್.

ಇದನ್ನು ನಮ್ಮ ಆಯುಷ್ಮಾನ್ ಕಾರ್ಡಿಗೆ ಹೋಲಿಸಬಹುದು, ಒಂದು ಮಟ್ಟಿಗೆ. ಕಾರ್ಡ್ ಹಿಡಿದವರು ಆಸ್ಪತ್ರೆಯನ್ನು ಆಯ್ದುಕೊಳ್ಳುತ್ತಾರೆ, ಹಣ ಸರ್ಕಾರದಿಂದ ನೇರ ಆಸ್ಪತ್ರೆಗೆ ಹೋಗುತ್ತದೆ. ಇಲ್ಲಿಯೂ ಕುಟುಂಬ ಮನೆ ಹುಡುಕಿಕೊಳ್ಳುತ್ತದೆ, ಸರ್ಕಾರದ ಪಾಲು ಮಾಲೀಕರ ಬ್ಯಾಂಕ್ ಖಾತೆಗೆ ಬರುತ್ತದೆ. ಹೋಲಿಕೆ ಮುರಿಯುವುದು ದರದ ವಿಷಯದಲ್ಲಿ. ಆಯುಷ್ಮಾನ್‌ನಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಎಂದು ಮೊದಲೇ ಬರೆದಿರುತ್ತದೆ. ವೌಚರ್‌ನಲ್ಲಿ ಮೊದಲು ಬಾಡಿಗೆ ಹೇಳುವವರು ಮಾಲೀಕರು. ಅದು ಸರಿಯೋ ಅಲ್ಲವೋ ಎಂದು ಆಮೇಲೆ ತೂಗಿ ನೋಡಲಾಗುತ್ತದೆ.

ತೂಗುವವರು ಯಾರು? ವಾಷಿಂಗ್ಟನ್‌ನಲ್ಲಿರುವ ಕೇಂದ್ರದ ವಸತಿ ಇಲಾಖೆಯನ್ನು ಎಲ್ಲರೂ ಹಡ್ ಎಂದು ಕರೆಯುತ್ತಾರೆ. ಹಣ ಮತ್ತು ನಿಯಮ ಅಲ್ಲಿಂದ ಬರುತ್ತದೆ. ಊರಿನಲ್ಲಿ ಯೋಜನೆ ನಡೆಸುವುದು ಸ್ಥಳೀಯ ವಸತಿ ಪ್ರಾಧಿಕಾರ, ದೇಶದಲ್ಲಿ ಅಂಥವು ಎರಡು ಸಾವಿರಕ್ಕೂ ಹೆಚ್ಚು. ಸುಮಾರು 23 ಲಕ್ಷ ಕುಟುಂಬಗಳು ವೌಚರ್ ಬಳಸುತ್ತಿವೆ. ಕೇಂದ್ರದ ಬಾಡಿಗೆ ನೆರವಿಗೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ಅದು ಸಿಗುತ್ತದೆ, ಉಳಿದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ. ಈ ಕೊರತೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಟ್ಟಿಯಲ್ಲಿರುವ ಅಂಕಿ

ಗೆಳೆಯ ಹುಡುಕುತ್ತಿದ್ದ ಪಟ್ಟಿಯ ಹೆಸರು ಫೇರ್ ಮಾರ್ಕೆಟ್ ರೆಂಟ್. ಹಡ್ ಅದನ್ನು ಪ್ರತಿ ವರ್ಷ ಪ್ರಕಟಿಸುತ್ತದೆ, ಅಕ್ಟೋಬರ್ 1ರಿಂದ ಜಾರಿಗೆ ಬರುತ್ತದೆ. ಇದಕ್ಕೆ ‘ಪ್ರದೇಶ ಬಾಡಿಗೆ’ ಎನ್ನೋಣ.

ಲೆಕ್ಕ ಹೀಗೆ. ಒಂದು ಪ್ರದೇಶದಲ್ಲಿ ಇತ್ತೀಚೆಗೆ ಬಾಡಿಗೆಗೆ ಬಂದ ನೂರು ಕುಟುಂಬಗಳನ್ನು, ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ, ಅವರು ಕೊಡುವ ಬಾಡಿಗೆಯ ಪ್ರಕಾರ ಸಾಲಾಗಿ ನಿಲ್ಲಿಸಿ. ಕಡಿಮೆ ಬಾಡಿಗೆಯವರು ಮುಂದೆ. ನಲವತ್ತನೆಯ ಕುಟುಂಬ ಎಷ್ಟು ಕೊಡುತ್ತಿದೆಯೋ ಅದೇ ಪ್ರದೇಶ ಬಾಡಿಗೆ. ಸರಾಸರಿಯೂ ಅಲ್ಲ, ನಟ್ಟನಡುವಿನದೂ ಅಲ್ಲ, ನಡುವಿಗಿಂತ ಸ್ವಲ್ಪ ಕೆಳಗಿನದು. 1990ರ ದಶಕದ ಮಧ್ಯದವರೆಗೆ ನಲವತ್ತೈದನೆಯವರನ್ನು ನೋಡುತ್ತಿದ್ದರು, ಆಮೇಲೆ ಐದು ಹೆಜ್ಜೆ ಇಳಿಸಿದರು. ಸರ್ಕಾರಿ ವಸತಿಯ ಅಗ್ಗದ ಮನೆಗಳನ್ನು ಈ ಸಾಲಿಗೆ ಸೇರಿಸುವುದಿಲ್ಲ. ಎರಡು ಮಲಗುವ ಕೋಣೆಯ ಮನೆಯನ್ನು ಆಧಾರವಾಗಿ ಇಟ್ಟುಕೊಂಡು, ಉಳಿದ ಅಳತೆಯ ಮನೆಗಳಿಗೆ ಅನುಪಾತದಿಂದ ಲೆಕ್ಕ ಹಾಕುತ್ತಾರೆ.

ಈ ಅಂಕಿಯ ಬಗ್ಗೆ ಎರಡು ಸಂಗತಿಗಳು ತಿಳಿದಿರಬೇಕು. ಒಂದು, ಇದರಲ್ಲಿ ವಿದ್ಯುತ್, ಗ್ಯಾಸ್, ನೀರಿನ ಖರ್ಚೂ ಸೇರಿದೆ. ಪಟ್ಟಿಯಲ್ಲಿ 1,500 ಡಾಲರ್ ಕಂಡು, ತನ್ನ ಬರಿಯ ಬಾಡಿಗೆ 1,500 ಎಂದುಕೊಂಡರೆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪಿತು. ಇನ್ನೊಂದು, ಇದು ಹಿಂದಿನ ಕನ್ನಡಿ. ಆಧಾರವಾಗಿರುವ ಜನಗಣತಿ ಇಲಾಖೆಯ ಸಮೀಕ್ಷೆ ಎರಡು ವರ್ಷ ಹಳೆಯದು. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಅಂಕಿಗಳ ಬುನಾದಿ 2022ರ ಸಮೀಕ್ಷೆ. ಅದಕ್ಕೆ ಬೆಲೆಯೇರಿಕೆ ಸೇರಿಸಿ ಮುಂದಕ್ಕೆ ಎಳೆಯುತ್ತಾರೆ, ನಿಜ. ಬಾಡಿಗೆ ಓಡುತ್ತಿರುವ ಊರಿನಲ್ಲಿ ಅಂಕಿ ಏದುಸಿರು ಬಿಡುತ್ತಾ ಹಿಂದೆ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ. ಬಡಾವಣೆಗೊಂದು ದರ ಸರ್ಕಾರ ಬರೆದಿಡುತ್ತದೆ, ನಿಮ್ಮ ನಿವೇಶನ ಮಾರಾಟವಾಗುವ ಬೆಲೆ ಬೇರೆಯೇ. ಆದರೆ ಮಾರ್ಗಸೂಚಿ ದರ ಮುದ್ರಾಂಕ ಶುಲ್ಕಕ್ಕೆ ಕೆಳಮಿತಿ, ಪ್ರದೇಶ ಬಾಡಿಗೆ ಯಾವ ಮಾಲೀಕರಿಗೂ ಕೆಳಮಿತಿಯ ಭರವಸೆ ಕೊಡುವುದಿಲ್ಲ.

ಪ್ರದೇಶ ಎಂದರೆ ಎಷ್ಟು ದೊಡ್ಡದು ಎಂಬುದರಲ್ಲೂ ಒಂದು ಕಥೆಯಿದೆ. ಮೊದಲೆಲ್ಲ ಇಡೀ ಮಹಾನಗರ ವಲಯಕ್ಕೆ ಒಂದೇ ಅಂಕಿ. ಜಯನಗರಕ್ಕೂ ನೆಲಮಂಗಲಕ್ಕೂ ಒಂದೇ ಬಾಡಿಗೆ ದರ ಬರೆದರೆ ಹೇಗಿರುತ್ತದೆ? ನೆಲಮಂಗಲದಲ್ಲಿ ಅದು ಧಾರಾಳ, ಜಯನಗರದಲ್ಲಿ ಬಾಗಿಲು ಬಡಿಯಲೂ ಸಾಲದು. ವೌಚರ್ ಹಿಡಿದವರು ಬಡ ಬಡಾವಣೆಗಳಲ್ಲೇ ಉಳಿದುಬಿಡುತ್ತಿದ್ದರು. ಮೊಕದ್ದಮೆಯೊಂದರಲ್ಲಿ ಆದ ರಾಜಿಯ ಫಲವಾಗಿ, ಗೆಳೆಯನಿರುವ ಡಲ್ಲಾಸ್‌ನಲ್ಲೇ 2011ರಿಂದ ಜಿಪ್ ಕೋಡ್‌ಗೊಂದು ಅಂಕಿ ಬಂತು. ಜಿಪ್ ಕೋಡ್ ಎಂದರೆ ನಮ್ಮ ಪಿನ್‌ಕೋಡ್. 2016ರ ನಿಯಮ ಇನ್ನೂ ಹಲವು ಮಹಾನಗರಗಳಿಗೆ ಅದನ್ನು ಕಡ್ಡಾಯ ಮಾಡಿತು, ಆಮೇಲೆ ಪಟ್ಟಿ ಬೆಳೆದಿದೆ. ಹೀಗಾಗಿ ಒಂದು ರಸ್ತೆ ದಾಟಿದರೆ ಅಂಕಿ ಬದಲಾಗುವುದುಂಟು.

ಸ್ಥಳೀಯ ಕಚೇರಿಯ ಮಿತಿ

ಪ್ರದೇಶ ಬಾಡಿಗೆಯನ್ನು ಕೈಯಲ್ಲಿ ಹಿಡಿದು ಸ್ಥಳೀಯ ಪ್ರಾಧಿಕಾರ ತನ್ನದೇ ಇನ್ನೊಂದು ಅಂಕಿ ಬರೆಯುತ್ತದೆ. ಇದು ಪೇಮೆಂಟ್ ಸ್ಟ್ಯಾಂಡರ್ಡ್, ಅಂದರೆ ಪಾವತಿ ಮಿತಿ. ಸಾಮಾನ್ಯವಾಗಿ ಪ್ರದೇಶ ಬಾಡಿಗೆಯ ಶೇ 90ರಿಂದ 110ರ ಒಳಗೆ ಎಲ್ಲಿ ಬೇಕಾದರೂ ಇಡಬಹುದು. ಅಂಕಿ 1,500 ಇದ್ದರೆ ಮಿತಿ 1,350ರಿಂದ 1,650ರವರೆಗೆ.

ಎಲ್ಲ ಕಚೇರಿಗಳೂ ಶೇ 110ಕ್ಕೇ ಏಕೆ ಇಡುವುದಿಲ್ಲ? ಹಣದ ಗಂಟು ಅಷ್ಟೇ ಇರುವುದರಿಂದ. ಕಚೇರಿಗೆ ವರ್ಷಕ್ಕೆ ಇಷ್ಟು ಎಂದು ಬರುತ್ತದೆ. ಪ್ರತಿ ಮನೆಗೆ ಹೆಚ್ಚು ಕೊಟ್ಟರೆ ಕಡಿಮೆ ಕುಟುಂಬಗಳಿಗೆ ಸಾಕಾಗುತ್ತದೆ, ಸರದಿ ಉದ್ದವಾಗುತ್ತದೆ. ತೀರಾ ಇಳಿಸಿದರೆ ವೌಚರ್ ಸಿಕ್ಕವರಿಗೆ ಮನೆಯೇ ಸಿಗದೆ ಕೈಯಲ್ಲಿನ ಕಾಗದದ ಅವಧಿ ಮುಗಿಯುತ್ತದೆ. ಹುಡುಕಲು ಕೊಡಲೇಬೇಕಾದ ಕನಿಷ್ಠ ಕಾಲ 60 ದಿನ, ಹಲವು ಕಡೆ ಅದನ್ನು ವಿಸ್ತರಿಸುತ್ತಾರೆ.

ಮಿತಿ ನೋಡುವಾಗ ಮಾಲೀಕರು ಮರೆಯುವ ಮಾತು ಒಂದಿದೆ. ವೌಚರ್‌ನಲ್ಲಿ ಎಷ್ಟು ಕೋಣೆ ಎಂದು ಬರೆದಿದೆಯೋ, ನಿಮ್ಮ ಮನೆಯಲ್ಲಿ ಎಷ್ಟು ಕೋಣೆಯಿದೆಯೋ, ಇವೆರಡರಲ್ಲಿ ಚಿಕ್ಕದರ ಮಿತಿ ಅನ್ವಯಿಸುತ್ತದೆ. ಎರಡು ಕೋಣೆಯ ವೌಚರ್ ಇರುವ ಕುಟುಂಬ ಮೂರು ಕೋಣೆಯ ಮನೆಗೆ ಬರಬಹುದು, ಸರ್ಕಾರದ ಲೆಕ್ಕ ಎರಡರದ್ದೇ.

ಪಾವತಿ ಮಿತಿಯೇ ಬಾಡಿಗೆಯ ಗರಿಷ್ಠ ಮಿತಿ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದಕ್ಕೊಂದು ಹಳೆಯ ಕಾರಣವೂ ಇದೆ. 1974ರಲ್ಲಿ ಬಂದ ಮೊದಲ ಪದ್ಧತಿಯಲ್ಲಿ ಕೊಡುತ್ತಿದ್ದುದು ವೌಚರ್ ಅಲ್ಲ, ಸರ್ಟಿಫಿಕೇಟ್. ಅದರಲ್ಲಿ ಬಾಡಿಗೆ ಪ್ರದೇಶ ಬಾಡಿಗೆಯನ್ನು ಮೀರುವಂತಿರಲಿಲ್ಲ. 1980ರ ದಶಕದಲ್ಲಿ ವೌಚರ್ ಬಂದಾಗ, ಮಿತಿ ಮೀರಿದ್ದನ್ನು ಕುಟುಂಬವೇ ಭರಿಸಬಹುದು ಎಂದಾಯಿತು. ಎರಡನ್ನೂ ಸೇರಿಸಿ ಒಂದು ಮಾಡಿದ್ದು 1998ರ ಕಾನೂನು. ಸರ್ಟಿಫಿಕೇಟ್ ಹೋಗಿ ಕಾಲು ಶತಮಾನವಾದರೂ ಅದರ ನಿಯಮ ಜನರ ತಲೆಯಲ್ಲಿ ಬಾಡಿಗೆ ಕೊಡದೆ ಕೂತಿದೆ.

ಮಾಲೀಕರ ಬಾಡಿಗೆ ತೀರ್ಮಾನವಾಗುವ ಜಾಗ

ಹಾಗಾದರೆ ಮಾಲೀಕರು ಹೇಳಿದ ಬಾಡಿಗೆಯನ್ನು ಯಾವುದರ ಜೊತೆ ಹೋಲಿಸುತ್ತಾರೆ? ಪಕ್ಕದ ಮನೆಯ ಜೊತೆ. ಪಕ್ಕದ್ದು ಎಂದರೆ ವೌಚರ್ ಇಲ್ಲದೆ, ಯಾವ ನೆರವೂ ಇಲ್ಲದೆ, ಸಾಮಾನ್ಯ ಮಾರುಕಟ್ಟೆಯಲ್ಲಿ ಬಾಡಿಗೆಗೆ ಹೋದ ಅಂಥದೇ ಮನೆ. ನಿಯಮದ ಭಾಷೆಯಲ್ಲಿ ಇದು ಬಾಡಿಗೆಯ ಸಮಂಜಸತೆ. ಈ ಪರೀಕ್ಷೆ ದಾಟದೆ ಕಚೇರಿ ಒಂದು ಡಾಲರನ್ನೂ ಬಿಡುಗಡೆ ಮಾಡುವಂತಿಲ್ಲ.

ನೋಡಬೇಕಾದ ಅಂಶಗಳನ್ನು ನಿಯಮವೇ ಹೇಳುತ್ತದೆ: ಜಾಗ, ಗುಣಮಟ್ಟ, ಅಳತೆ, ಮನೆಯ ಬಗೆ, ಕಟ್ಟಿ ಎಷ್ಟು ವರ್ಷವಾಯಿತು ಎಂಬುದು, ಜೊತೆಗೆ ಮಾಲೀಕರು ಒದಗಿಸುವ ಸೌಲಭ್ಯ, ನಿರ್ವಹಣೆ, ವಿದ್ಯುತ್ ನೀರು ಇತ್ಯಾದಿ. ಹಲವು ಕಚೇರಿಗಳು ಇಂಥ ಮೂರು ಮನೆಗಳನ್ನು ಹುಡುಕಿ ಪಕ್ಕಪಕ್ಕ ಇಡುತ್ತವೆ. ಒಂದರಲ್ಲಿ ಗ್ಯಾರೇಜ್ ಇದ್ದು ನಿಮ್ಮದರಲ್ಲಿ ಇಲ್ಲವೆಂದರೆ ಇಷ್ಟು ಕಳೆಯುತ್ತಾರೆ, ನಿಮ್ಮ ಅಡುಗೆಮನೆ ಹೊಸದೆಂದರೆ ಇಷ್ಟು ಕೂಡಿಸುತ್ತಾರೆ. ವಧುವರರ ಜಾತಕ ಕೂಡಿಸಿದಷ್ಟೇ ಶ್ರದ್ಧೆಯ ಕೆಲಸ, ಗುಣಗಳ ಸಂಖ್ಯೆ ಮಾತ್ರ ಕಡಿಮೆ.

ಗೆಳೆಯ ತುಂಬಿಸಿದ ಅರ್ಜಿಯನ್ನು ನನಗೂ ಕಳುಹಿಸಿದ್ದ. ಬಾಡಿಗೆಗೆ ಒಪ್ಪಿಗೆ ಕೋರುವ ಈ ನಮೂನೆಯನ್ನು ಕುಟುಂಬವೂ ಮಾಲೀಕರೂ ಸೇರಿ ಭರ್ತಿ ಮಾಡಬೇಕು. ಮನೆಯ ವಿಳಾಸ, ಕಟ್ಟಿದ ವರ್ಷ, ಕೋಣೆಗಳು, ಕೇಳುವ ಬಾಡಿಗೆ, ಮುಂಗಡ ಠೇವಣಿ. ಒಂದೇ ಕಡೆ ನಾಲ್ಕಕ್ಕಿಂತ ಹೆಚ್ಚು ಮನೆಗಳಿರುವ ಮಾಲೀಕರಿಗೆ ಇನ್ನೊಂದು ಅಂಕಣ ಇದೆ: ಅದೇ ಆವರಣದಲ್ಲಿ ವೌಚರ್ ಇಲ್ಲದವರಿಗೆ ಇತ್ತೀಚೆಗೆ ಕೊಟ್ಟ ಇಂಥದೇ ಮನೆಗಳ ಬಾಡಿಗೆ ಎಷ್ಟು ಎಂದು ಬರೆಯಬೇಕು. ಎದುರು ಮನೆಗೆ 1,300ಕ್ಕೆ ಕೊಟ್ಟು, ಸರ್ಕಾರ ಕೊಡುತ್ತದಲ್ಲ ಎಂದು ಇಲ್ಲಿ 1,600 ಕೇಳುವುದನ್ನು ತಡೆಯುವುದಕ್ಕೆ ಈ ಅಂಕಣ. ಪ್ರತಿ ತಿಂಗಳು ಹಣ ಸ್ವೀಕರಿಸುವುದೆಂದರೇ, ಈ ಆವರಣದಲ್ಲಿ ಬೇರೆಯವರಿಗಿಂತ ಹೆಚ್ಚು ತೆಗೆದುಕೊಳ್ಳುತ್ತಿಲ್ಲ ಎಂದು ದೃಢೀಕರಿಸಿದಂತೆ.

ಹೋಲಿಕೆಯಲ್ಲಿ ಬಂದ ಅಂಕಿ ನಿಮ್ಮದಕ್ಕಿಂತ ಕಡಿಮೆಯಾದರೆ ಕಚೇರಿಯವರು ಕರೆ ಮಾಡುತ್ತಾರೆ. ಇಳಿಸುತ್ತೀರಾ, ಅಥವಾ ನಿಮ್ಮ ಬಳಿ ಬೇರೆ ಹೋಲಿಕೆಗಳಿವೆಯಾ? ಇಲ್ಲಿ ಮಾತಿಗೆ ಅವಕಾಶವಿದೆ. ನಿಮ್ಮ ಬೀದಿಯಲ್ಲಿ ಇತ್ತೀಚೆಗೆ ಬಾಡಿಗೆಗೆ ಹೋದ ಮನೆಗಳ ವಿವರ ಕೊಟ್ಟರೆ ಮತ್ತೆ ನೋಡಬಹುದು. ‘ನನ್ನ ಸಾಲದ ಕಂತು ಇಷ್ಟು’ ಎನ್ನುವ ವಾದ ಮಾತ್ರ ನಡೆಯುವುದಿಲ್ಲ. ಮಾಲೀಕರ ಕಂತಿಗೂ ಮನೆಯ ಬಾಡಿಗೆಗೂ ಈ ಲೆಕ್ಕದಲ್ಲಿ ಸಂಬಂಧವೇ ಇಲ್ಲ.

ವಿದ್ಯುತ್ ಬಿಲ್ ಯಾರದು?

ಅದೇ ಅರ್ಜಿಯಲ್ಲಿ ಒಂದು ಕೋಷ್ಟಕವಿದೆ. ಮನೆ ಬೆಚ್ಚಗಿಡುವುದು, ಅಡುಗೆ, ಬಿಸಿನೀರು, ದೀಪ, ನೀರು, ಒಳಚರಂಡಿ, ಕಸ ಎಲ್ಲಕ್ಕೂ ಒಂದೊಂದು ಸಾಲು. ಎದುರಿಗೆ, ಗ್ಯಾಸೋ ವಿದ್ಯುತ್ತೋ, ಕೊಡುವವರು ಮಾಲೀಕರೋ ಬಾಡಿಗೆದಾರರೋ ಎಂದು ಗುರುತು ಹಾಕಬೇಕು. ಕೊನೆಗೆ ಫ್ರಿಜ್ ಮತ್ತು ಒಲೆ ಯಾರದು ಎಂಬ ಪ್ರಶ್ನೆಯೂ ಇದೆ. ಗೆಳೆಯ ಇದನ್ನು ಕಣ್ಣು ಮುಚ್ಚಿ ತುಂಬಿಸಿದ್ದ. ಹಣ ಅಡಗಿರುವುದು ಇಲ್ಲಿಯೇ ಎಂದು ಅವನಿಗೆ ಹೊಳೆದಿರಲಿಲ್ಲ.

ಬಾಡಿಗೆದಾರರ ತಲೆಗೆ ಬರುವ ಪ್ರತಿಯೊಂದು ಬಿಲ್ಲಿಗೂ ಕಚೇರಿ ಒಂದು ಅಂದಾಜು ಮೊತ್ತ ಇಟ್ಟಿರುತ್ತದೆ. ಅವನ್ನು ಬಾಡಿಗೆಗೆ ಕೂಡಿಸಿದರೆ ಬರುವುದು ಒಟ್ಟು ಬಾಡಿಗೆ. ಮಿತಿಯ ಜೊತೆ ತಾಳೆ ನೋಡುವುದು ಈ ಒಟ್ಟನ್ನು. ಎಲ್ಲ ಬಿಲ್ಲನ್ನೂ ಮಾಲೀಕರೇ ಕಟ್ಟುವುದಾದರೆ ಕೂಡಿಸುವುದು ಸೊನ್ನೆ, ಅಷ್ಟರಮಟ್ಟಿಗೆ ಹೆಚ್ಚು ಬಾಡಿಗೆ ಕೇಳಲು ಜಾಗವಿರುತ್ತದೆ. ಆದರೆ ಆಗಸ್ಟ್ ತಿಂಗಳಲ್ಲಿ ಹವಾನಿಯಂತ್ರಕ ಹಗಲಿರುಳು ಓಡಿದರೆ ಆ ಬಿಲ್ಲೂ ಮಾಲೀಕರದೇ.

ಲೆಕ್ಕ ಹಾಕಿ ನೋಡೋಣ

ಗೆಳೆಯನ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ, ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ಸುಲಭವಾಗುವಂತೆ ಬದಲಿಸಿದ್ದೇನೆ. ಅವನ ಜಿಪ್ ಕೋಡ್‌ನಲ್ಲಿ ಎರಡು ಕೋಣೆಯ ಮನೆಗೆ ಪ್ರದೇಶ ಬಾಡಿಗೆ 1,500 ಡಾಲರ್. ಕಚೇರಿ ಶೇ 105ಕ್ಕೆ ಇಟ್ಟಿದೆ, ಪಾವತಿ ಮಿತಿ 1,575. ಕುಟುಂಬದ ಆದಾಯ, ಮಕ್ಕಳು ಇತ್ಯಾದಿಗೆ ಸಿಗುವ ಕಡಿತ ಕಳೆದು, ತಿಂಗಳಿಗೆ 1,200. ಬಾಡಿಗೆದಾರರು ಕಟ್ಟುವ ಬಿಲ್ಲುಗಳ ಅಂದಾಜು 150.

ಕುಟುಂಬದ ಮೂಲ ಪಾಲು ಸಾಮಾನ್ಯವಾಗಿ ಆದಾಯದ ಶೇ 30, ಇಲ್ಲಿ 360 ಡಾಲರ್. ಸರ್ಕಾರದ ಪಾಲು ಬರುವುದು ಹೇಗೆ? ಸಂಬಳದಾರರಿಗೆ ಎಚ್‌ಆರ್‌ಎ ವಿನಾಯಿತಿಯ ಲೆಕ್ಕ ನೆನಪಿರಬಹುದು, ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅದಕ್ಕೆ ವಿನಾಯಿತಿ. ಇಲ್ಲಿ ಎರಡೇ. ಪಾವತಿ ಮಿತಿ, ಒಟ್ಟು ಬಾಡಿಗೆ, ಇವುಗಳಲ್ಲಿ ಕಡಿಮೆಯದರಿಂದ ಕುಟುಂಬದ 360 ಕಳೆಯಬೇಕು.

ಮಾಲೀಕ 1,300 ಕೇಳಿದ ಎನ್ನೋಣ. ಒಟ್ಟು 1,450, ಮಿತಿಗಿಂತ ಕಡಿಮೆ. ಸರ್ಕಾರ 1,090 ಕೊಡುತ್ತದೆ, ಕುಟುಂಬ ಮಾಲೀಕನಿಗೆ 210 ಕೊಟ್ಟು 150ರ ಬಿಲ್ ಕಟ್ಟಿಕೊಳ್ಳುತ್ತದೆ. ಮಿತಿಯಲ್ಲಿ ಉಳಿದ 125 ಡಾಲರ್ ಯಾರ ಜೇಬಿಗೂ ಹೋಗುವುದಿಲ್ಲ.

ಗೆಳೆಯ ನಿಜವಾಗಿ ಕೇಳಿದ್ದು 1,550. ಒಟ್ಟು 1,700. ಸರ್ಕಾರದ ಪಾಲು 1,575ರಿಂದ 360 ಕಳೆದು 1,215ಕ್ಕೆ ನಿಂತಿತು. ಉಳಿದದ್ದು 485, ಅದು ಕುಟುಂಬದ ತಲೆಗೆ. ಇಲ್ಲಿ ಇನ್ನೊಂದು ನಿಯಮ ಅಡ್ಡ ಬಂತು: ಹೊಸ ಮನೆಗೆ ಸೇರುವಾಗ, ಒಟ್ಟು ಬಾಡಿಗೆ ಮಿತಿ ಮೀರಿದ್ದರೆ, ಕುಟುಂಬದ ಪಾಲು ಆದಾಯದ ಶೇ 40 ದಾಟುವಂತಿಲ್ಲ. 1,200ರ ಶೇ 40 ಎಂದರೆ 480. ಐದು ಡಾಲರಿಗೆ ಅರ್ಜಿ ನಿಂತಿತು.

‘ಐದು ಡಾಲರ್ ತಾನೇ, ಅವರೇ ಕೈಯಿಂದ ಕೊಡುತ್ತೇವೆ ಎನ್ನುತ್ತಿದ್ದಾರೆ’ ಎಂದ ಗೆಳೆಯ. ಬೇಡ ಎಂದೆ. ಒಪ್ಪಂದದಲ್ಲಿ ಬರೆದಿರದ ಬಾಡಿಗೆಯನ್ನು ಕೈಯಿಂದ ಕೈಗೆ ಪಡೆಯುವುದು ಈ ಯೋಜನೆಯಲ್ಲಿ ದೊಡ್ಡ ತಪ್ಪು, ಮಾಲೀಕರೂ ಕುಟುಂಬವೂ ಯೋಜನೆಯಿಂದ ಹೊರಬೀಳಬಹುದು. ಅವನು ಐದು ಡಾಲರ್ ಇಳಿಸಿ 1,545 ಎಂದು ಬರೆದ. ಅಷ್ಟರಲ್ಲಿ ಹೋಲಿಕೆಯ ಮನೆಗಳ ವರದಿ ಬಂತು. 1,440, 1,480, 1,510. ಕೂಡಿಸಿ ಕಳೆದು ಕಚೇರಿ ಹೇಳಿದ ಸಮಂಜಸ ಬಾಡಿಗೆ 1,480.

1,480ಕ್ಕೆ ಒಟ್ಟು 1,630. ಸರ್ಕಾರ ಅದೇ 1,215, ಕುಟುಂಬದಿಂದ ಮಾಲೀಕನಿಗೆ 265. ಬಾಡಿಗೆ 1,545ರಿಂದ 1,480ಕ್ಕೆ ಇಳಿದಾಗ ಸರ್ಕಾರಕ್ಕೆ ಒಂದು ಡಾಲರೂ ಉಳಿಯಲಿಲ್ಲ, ಉಳಿದ 65 ಡಾಲರ್ ಇಡಿಯಾಗಿ ಕುಟುಂಬದ್ದು. ಒಟ್ಟು ಬಾಡಿಗೆ ಮಿತಿಯನ್ನು ಮೀರಿ ನಿಂತಿರುವಷ್ಟು ಹೊತ್ತು ಹೀಗೆಯೇ.

ತಪಾಸಣೆಯ ದಿನ

ಬಾಡಿಗೆ ಒಪ್ಪಿಗೆಯಾದರೂ ಮನೆ ತಪಾಸಣೆಯಲ್ಲಿ ತೇರ್ಗಡೆಯಾಗದೆ ಹಣ ಹೊರಡುವುದಿಲ್ಲ. ಗೆಳೆಯ ವಿಡಿಯೊ ಕರೆಯಲ್ಲಿ ನನಗೂ ತೋರಿಸಿದ. ತಪಾಸಕಿ ಒಂದೊಂದು ಕಿಟಕಿಯನ್ನೂ ತೆರೆದು ಮುಚ್ಚಿದರು, ಒಲೆಯ ನಾಲ್ಕೂ ಬರ್ನರ್ ಹಚ್ಚಿದರು, ಹೊಗೆ ಎಚ್ಚರಿಕೆಯ ಗುಂಡಿ ಒತ್ತಿ ಅದು ಕಿರುಚುವವರೆಗೆ ಬೆರಳು ತೆಗೆಯಲಿಲ್ಲ. ಬಚ್ಚಲಿನ ಹತ್ತಿರದ ಒಂದು ಪ್ಲಗ್ ಪಾಯಿಂಟ್‌ಗೆ ಮುಚ್ಚಳ ಇರಲಿಲ್ಲ. ಒಂದೆರಡು ಡಾಲರಿನ ಪ್ಲಾಸ್ಟಿಕ್ ಮುಚ್ಚಳಕ್ಕಾಗಿ ಇನ್ನೊಂದು ತಪಾಸಣೆ, ಇನ್ನೊಂದು ವಾರ. ವಾಸಕ್ಕೆ ಬಂದ ಮೇಲೂ ತಪಾಸಣೆ ಆಗಾಗ ಇರುತ್ತದೆ. ಮಾಲೀಕರು ಮಾಡಬೇಕಾದ ದುರಸ್ತಿಯನ್ನು ಗಡುವಿನೊಳಗೆ ಮಾಡದಿದ್ದರೆ ಸರ್ಕಾರದ ಪಾಲು ನಿಲ್ಲುತ್ತದೆ, ಅದನ್ನು ಬಾಡಿಗೆದಾರರಿಂದ ವಸೂಲು ಮಾಡುವಂತಿಲ್ಲ.

ವೌಚರ್ ಒಪ್ಪಲೇಬೇಕೆಂದು ಕೇಂದ್ರದ ಕಾನೂನು ಖಾಸಗಿ ಮಾಲೀಕರನ್ನು ಸಾಮಾನ್ಯವಾಗಿ ಕಟ್ಟಿಹಾಕುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಇಲಿನಾಯ್ ಮುಂತಾದ ರಾಜ್ಯಗಳಲ್ಲಿ ವೌಚರ್ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವುದು ರಾಜ್ಯದ ಕಾನೂನಿಗೆ ವಿರುದ್ಧ. ಟೆಕ್ಸಸ್‌ನಲ್ಲಿ ಅಂಥ ನಿರ್ಬಂಧವಿಲ್ಲ. ನೀವಿರುವ ರಾಜ್ಯ ಮತ್ತು ನಗರದ ನಿಯಮ ನೋಡಿಕೊಂಡೇ ಉತ್ತರ ಕೊಡಬೇಕು.

ಬಾಡಿಗೆ ಏರಿಸಬೇಕೆಂದರೆ

ಮೊದಲ ಕರಾರಿನ ಅವಧಿ, ಸಾಮಾನ್ಯವಾಗಿ ಒಂದು ವರ್ಷ, ಬಾಡಿಗೆ ಏರಿಸುವ ಮಾತಿಲ್ಲ. ಆಮೇಲೆ ಏರಿಸಬೇಕೆಂದರೆ ಕನಿಷ್ಠ 60 ದಿನ ಮೊದಲು ಕಚೇರಿಗೆ ತಿಳಿಸಬೇಕು. ಆಗ ಮತ್ತೆ ಪಕ್ಕದ ಮನೆಗಳ ಹೋಲಿಕೆ. ವರ್ಷಕ್ಕೆ ಇಷ್ಟು ಶೇಕಡಾ ಎಂದು ತಾನಾಗಿ ಏರುವ ಪದ್ಧತಿ ಇದರಲ್ಲಿಲ್ಲ, ಅರ್ಜಿ ಹಾಕದವರ ಬಾಡಿಗೆ ಇದ್ದಲ್ಲೇ ಇರುತ್ತದೆ. ಪ್ರದೇಶ ಬಾಡಿಗೆ ಹೆಚ್ಚಾದರೆ ನನ್ನ ಬಾಡಿಗೆಯೂ ಹೆಚ್ಚಾಯಿತು ಎಂದುಕೊಂಡು ಅಕ್ಟೋಬರ್‌ನಲ್ಲಿ ಖಾತೆ ನೋಡಿ ನಿರಾಶರಾಗುವವರಿದ್ದಾರೆ.

ಕುಟುಂಬದ ಆದಾಯ ನಡುವೆ ಬದಲಾದರೆ? ಕೆಲಸ ಹೋಗಿ ಆದಾಯ ಇಳಿದರೆ ಸರ್ಕಾರದ ಪಾಲು ಏರುತ್ತದೆ, ಒಳ್ಳೆಯ ಕೆಲಸ ಸಿಕ್ಕರೆ ಇಳಿಯುತ್ತದೆ. ಮಾಲೀಕರಿಗೆ ಸಿಗಬೇಕಾದ ಬಾಡಿಗೆ ಅದೇ. ಪಾಲುಗಳು ಬದಲಾಗಿವೆ ಎಂದು ಕಚೇರಿಯಿಂದ ಪತ್ರ ಬರುತ್ತದೆ, ಅಷ್ಟೇ. ಆದರೆ ಕುಟುಂಬ ತನ್ನ ಪಾಲು ಕೊಡದಿದ್ದರೆ ಕಚೇರಿ ಅದನ್ನು ತುಂಬಿಕೊಡುವುದಿಲ್ಲ. ಅದನ್ನು ಬೇರೆ ಯಾವ ಬಾಡಿಗೆದಾರರಿಂದ ಕೇಳುವ ಹಾಗೆಯೇ ಕೇಳಬೇಕು.

ಗೆಳೆಯ 1,480ಕ್ಕೆ ಸಹಿ ಹಾಕಿದ. ಮೊದಲ ತಿಂಗಳ 1,215 ಖಾತೆಗೆ ಬಂದ ದಿನ ಮತ್ತೆ ಫೋನ್ ಮಾಡಿ, ಎದುರು ಸಾಲಿನ ಮನೆಯೊಂದು 1,560ಕ್ಕೆ ಬಾಡಿಗೆಗೆ ಹೋಯಿತಂತೆ ಎಂದ. ವಿಳಾಸ, ಕೋಣೆಗಳ ಸಂಖ್ಯೆ, ಗ್ಯಾರೇಜ್ ಇದೆಯೋ ಇಲ್ಲವೋ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಲು ಹೇಳಿದೆ. ಮುಂದಿನ ವರ್ಷ ಅರ್ಜಿ ಹಾಕುವಾಗ ಬೇಕಾಗುತ್ತದೆ.